ನಡುದಾರಿಯಲ್ಲಿ ನಿಲ್ಲುವ ಹಳೆಯ ಗಾಡಿ

ಹೊಸ ಗಾಡಿಗಳು ಎಷ್ಟೇ ಬಂದಿರಲಿ, ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಹಳೆಯ ಪೆಟ್ರೋಲ್ ಕಾರು, ಹಳೆಯ ಜೀಪು ಇನ್ನೂ ಪೂರ್ತಿ ಮೂಲೆ ಸೇರಿಲ್ಲ. ಕಂದಲಗಾಂವ, ಮಂದ್ರೂಪದ ಕಡೆಯಿಂದ ಹಿಡಿದು ಅಕ್ಕಲಕೋಟೆಯ ತನಕ ಹಲವು ಊರುಗಳಲ್ಲಿ ದನದ ಕೊಟ್ಟಿಗೆಯ ಪಕ್ಕದ ಪತ್ರಾಸಿನ ಕೆಳಗೆ ಇಂಥ ಒಂದು ಗಾಡಿ ನಿಂತಿರುತ್ತದೆ. ಅದು ಶೋಕಿಗಾಗಿ ಇಟ್ಟುಕೊಂಡದ್ದಲ್ಲ. ಬೀಜ, ಗೊಬ್ಬರ ತರುವುದಕ್ಕೆ, ಸಂತೆಗೆ, ಮದುವೆಗೆ, ರಾತ್ರಿ ಹೊತ್ತು ಸೊಲ್ಲಾಪುರದ ದವಾಖಾನೆಗೆ ಅದೇ ಗಾಡಿ. ಮನೆಯವರಿಗಷ್ಟೇ ಅಲ್ಲ, ಓಣಿಗೆಲ್ಲ ಅದೇ ಗಾಡಿ.

ಇಂಥ ಗಾಡಿ ಪೂರ್ತಿ ಕೆಟ್ಟರೆ ಚಿಂತೆ ಕಡಿಮೆ. ಕೆಟ್ಟದ್ದು ಕೆಟ್ಟೇ ಇರುವುದರಿಂದ ಹುಡುಕಲು ಸಿಗುತ್ತದೆ. ನಡುನಡುವೆ ಕೆಡುವ ಗಾಡಿಯೇ ಮನುಷ್ಯನನ್ನು ದಣಿಸುವುದು. ಐದು ಮೈಲು ಚೆನ್ನಾಗಿ ಓಡಿ ಒಮ್ಮೆಲೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮಿಸ್ತ್ರಿಯ ಮುಂದೆ ನಿಲ್ಲಿಸಿದರಂತೂ ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನದ ಶಾಲೆಯ ಹಾಗೆ ಎಲ್ಲವೂ ಶಿಸ್ತು. ಮಿಸ್ತ್ರಿ ಪಾಪ, ಏನು ಮಾಡಿಯಾನು? ತನಗೆ ತೋಚಿದ ಒಂದು ಭಾಗ ಬದಲಿಸಿ ಕಳಿಸುತ್ತಾನೆ. ಮುಂದಿನ ವಾರ ಇನ್ನೊಂದು ಭಾಗ. ಹೀಗೆ ಒಂದೊಂದಾಗಿ ಪ್ಲಗ್ಗು, ಕಾಯಿಲು, ಬ್ಯಾಟರಿ ಎಲ್ಲ ಹೊಸದಾದರೂ ರೋಗ ಮಾತ್ರ ಹಳೆಯದೇ ಉಳಿಯುತ್ತದೆ.

ಸೊಲ್ಲಾಪುರ ಸೀಮೆಯವರಿಗೆ ಈ ಹಳೆಯ ಕಾರುಗಳ ಮೇಲೆ ಒಂದು ಬಗೆಯ ತವರಿನ ಅಭಿಮಾನ ಉಂಟು. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ೧೯೪೪ರಲ್ಲಿ ಕಟ್ಟಿದ ವಾಲಚಂದ ಹೀರಾಚಂದರು ೧೮೮೨ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿಯೇ. ಮುಂಬಯಿಯ ಕುರ್ಲಾದಲ್ಲಿದ್ದ ಆ ಕಾರಖಾನೆಯಿಂದ ಬಂದ ಫಿಯಟ್ ಗಾಡಿಯೇ ೧೯೭೦ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಅವಧಿ ೨೦೨೩ರ ಅಕ್ಟೋಬರದಲ್ಲಿ ಮುಗಿಯಿತು. ಅಂಬಾಸಿಡರ್ ತಯಾರಿಕೆ ಅದಕ್ಕೂ ಮುಂಚೆ, ೨೦೧೪ರಲ್ಲಿ ನಿಂತಿತ್ತು. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಗಾಡಿ ಮಾಡುವುದೇ ನಿಂತ ಮೇಲೆ ಅದರ ಬಿಡಿಭಾಗ ಎಲ್ಲಿಂದ ಬಂದೀತು? ಬಜಾರಿನಲ್ಲಿ ಹೊಸ ಡಬ್ಬಿಯಲ್ಲಿ ಸಿಗುವ ಭಾಗ ಗಾಡಿಯಲ್ಲಿರುವ ಹಳೆಯ ಭಾಗಕ್ಕಿಂತ ಕೀಳಾಗಿರುವುದು ಅಪರೂಪವಲ್ಲ. ಆದುದರಿಂದ ಬದಲಿಸುತ್ತ ಹುಡುಕುವ ಪದ್ಧತಿ ಇಂದು ಮೊದಲಿಗಿಂತಲೂ ದುಬಾರಿ. ಹುಡುಕಿ ಆಮೇಲೆ ಬದಲಿಸುವುದೇ ಸರಿ.

ಕಿಡಿಯೋ, ಪೆಟ್ರೋಲೋ?

ಪೆಟ್ರೋಲ್ ಇಂಜಿನ್ ನಡೆಯಲು ಮುಖ್ಯವಾಗಿ ಎರಡು ಬೇಕು. ಹೊತ್ತಿಗೆ ಸರಿಯಾದ ಕಿಡಿ, ಮತ್ತು ಹವೆಯೊಂದಿಗೆ ಹದವಾಗಿ ಬೆರೆತ ಪೆಟ್ರೋಲು. ನಾಲ್ಕು ಸಿಲಿಂಡರಿನ ಇಂಜಿನ್ ಮಿನಿಟಿಗೆ ೩೦೦೦ ಸುತ್ತು ತಿರುಗುತ್ತಿದ್ದರೆ ಒಂದು ಮಿನಿಟಿಗೆ ೬೦೦೦ ಕಿಡಿ, ಎಂದರೆ ಸೆಕೆಂಡಿಗೆ ನೂರು ಕಿಡಿ ಹಾರಬೇಕು. ಇಷ್ಟರಲ್ಲಿ ಒಂದು ತಂತಿ ಅರೆಗಳಿಗೆ ಸಡಿಲಾದರೂ ಸಾಕು, ಗಾಡಿಗೆ ಜೋಲಿ ಹೊಡೆಯುತ್ತದೆ.

ನಿಂತದ್ದು ಹೇಗೆ ಎಂಬುದೇ ಮೊದಲ ಸಾಕ್ಷಿ. ಓಡುತ್ತಿರುವ ಇಂಜಿನ್ ದೀಪದ ಗುಂಡಿ ಒತ್ತಿದಂತೆ ಒಮ್ಮೆಲೆ ಸುಮ್ಮನಾದರೆ ಬಹುಮಟ್ಟಿಗೆ ಕರಂಟಿನ ದೋಷ. ಹಾಗಲ್ಲದೆ ಎರಡು ಮೂರು ಸಲ ಮುಗ್ಗರಿಸಿ, ಶಕ್ತಿ ಕಳೆದುಕೊಂಡು, ನೀರಡಿಸಿದ ಎತ್ತಿನಂತೆ ಎಳೆಯಲಾರದೆ ನಿಂತರೆ ಪೆಟ್ರೋಲು ತಲುಪುತ್ತಿಲ್ಲವೆಂದು ತಿಳಿಯಬೇಕು. ಮುಗ್ಗರಿಸುವಾಗ ಆಕ್ಸಲೇಟರನ್ನು ಎರಡು ಸಲ ಪಟಪಟ ಒತ್ತಿ ನೋಡಿದಾಗ ಗಾಡಿ ಕ್ಷಣಹೊತ್ತು ಚೇತರಿಸಿಕೊಂಡರೆ ಈ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಾಡಿ ನಿಂತ ಗಳಿಗೆಯೇ ಪರೀಕ್ಷೆಯ ಗಳಿಗೆ. ಅದನ್ನು ಬಿಟ್ಟು ಬೀಡಿ ಹಚ್ಚಿ ಗಿಡದ ನೆರಳಿಗೆ ಕೂತು, ಅರ್ಧ ತಾಸಿನ ಮೇಲೆ ಬಾನೆಟ್ ಎತ್ತಿದರೆ ರೋಗ ಓಡಿಹೋಗಿರುತ್ತದೆ. ಆದರೆ ಅದಕ್ಕಿಂತ ಮೊದಲು ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗೆ ನೂಕಿ ನಿಲ್ಲಿಸತಕ್ಕದ್ದು. ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಲಾರಿಗಳು ಬರುವ ರಭಸ ನಮಗೆ ಗೊತ್ತೇ ಇದೆ. ಹಿಂದೆ ಕಲ್ಲಿಟ್ಟು, ಹೊರಡುವಾಗ ಆ ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗುವ ಚಾಳಿ ನಮ್ಮಲ್ಲಿದೆ. ಅದು ರಾತ್ರಿ ಬರುವ ಬೈಕಿನವನ ಪ್ರಾಣಕ್ಕೆ ಎರವಾಗುತ್ತದೆ. ಹಸಿರು ಟೊಂಗೆ ಇಡಬೇಕು, ಹೊರಡುವಾಗ ಅದನ್ನೂ ತೆಗೆಯಬೇಕು. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಾದರೆ ಇಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬ್ರೇಕು ಕಲ್ಲಿನಂತೆ ಬಿಗಿಯಾಗುವುದೆಂಬುದನ್ನೂ ನಡೆಸುವವರು ತಿಳಿದಿರಬೇಕು.

ಒಂದು ನೋಟುಬುಕ್ಕಿನ ಕಥೆ

ಕಂದಲಗಾಂವದ ಒಬ್ಬ ಹಿರಿಯ ರೈತರ ಹಳೆಯ ಕಾರು ಹೀಗೆಯೇ ನಿಲ್ಲುತ್ತಿತ್ತು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಸೊಲ್ಲಾಪುರದ ಹಾದಿ ಹಿಡಿದರೆ ನಡುವೆ ಎಲ್ಲಿಯಾದರೂ ಒಂದು ಸಲ, ಕೆಲವೊಮ್ಮೆ ಎರಡು ಸಲ. ಒಬ್ಬ ಮಿಸ್ತ್ರಿ ಕಂಡೆನ್ಸರು ಬದಲಿಸಿದ. ಇನ್ನೊಬ್ಬ ಕಾಯಿಲು ಬಿಸಿಯಾಗುತ್ತದೆಂದು ಹೊಸ ಕಾಯಿಲು ಹಾಕಿದ. ರೋಗ ಹೋಗಲಿಲ್ಲ. ಮನೆಯಲ್ಲಿ ಸೊಸೆಗೆ ದಿನ ತುಂಬುತ್ತ ಬಂದಿತ್ತು. ೧೦೮ರ ಗಾಡಿ ಉಂಟು ನಿಜ. ಆದರೆ ಅದು ಬೇರೆ ಕಡೆ ಹೋಗಿದ್ದ ರಾತ್ರಿ ಏನು ಗತಿ ಎಂಬ ಚಿಂತೆ ಮನೆಯವರಿಗೆ. “ಮಾಸ್ತರ, ಈ ಗಾಡಿ ನಂಬಬೇಕೋ ಬ್ಯಾಡೋ, ಅದೊಂದು ಹೇಳ್ರಿ,” ಎಂದು ಅವರು ನಮ್ಮನ್ನು ಕೇಳಿದರು.

ನಾವು ಪಾನಾ ಹಿಡಿಯುವ ಮೊದಲು ಅವರ ಮೊಮ್ಮಗನ ಕೈಗೆ ಒಂದು ನೋಟುಬುಕ್ಕು ಕೊಟ್ಟೆವು. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಉಪಯುಕ್ತ ಪಾಠಗಳಲ್ಲಿ ಇದೂ ಒಂದು: ಮಗು ತಪ್ಪಿದರೆ ಎಲ್ಲಿ ತಪ್ಪಿತು ಎಂದು ಬರೆದಿಟ್ಟುಕೊಳ್ಳಿರಿ, ಯಾಕೆ ತಪ್ಪಿತು ಎಂಬುದು ತಾನೇ ಹೊರಗೆ ಬರುತ್ತದೆ. ಪ್ರತಿ ಸಲ ಗಾಡಿ ನಿಂತಾಗ ಹುಡುಗ ಬರೆಯಬೇಕಾದದ್ದು ಇಷ್ಟು. ಎಷ್ಟು ದೂರ ಬಂದಾಗ ನಿಂತಿತು, ಬಿಸಿಲೋ ತಂಪೋ, ವೇಗವೆಷ್ಟು, ಟಾಕಿಯಲ್ಲಿ ಪೆಟ್ರೋಲು ಎಷ್ಟು, ಒಮ್ಮೆಲೆ ನಿಂತಿತೋ ಮುಗ್ಗರಿಸಿತೋ, ಮತ್ತೆ ಹೊರಡುವ ಮೊದಲು ಏನೇನು ಮಾಡಿದಿರಿ.

ಹದಿನೈದು ದಿನದಲ್ಲಿ ಆರು ಸಲ ನಿಂತ ಲೆಕ್ಕ ಬಂತು. ಅದನ್ನು ಮುಂದಿಟ್ಟುಕೊಂಡು ಓದಿದಾಗ ಮೊದಲು ಬಿದ್ದುಹೋದದ್ದು ಬಿಸಿಲಿನ ವಾದ. ನಸುಕಿನ ಚಳಿಯಲ್ಲಿಯೂ ಗಾಡಿ ನಿಂತಿತ್ತು. ಎರಡನೆಯದು, ಆರು ಸಲವೂ ಮುಗ್ಗರಿಸಿಯೇ ನಿಂತಿತ್ತು. ಆದ್ದರಿಂದ ಕಿಡಿಯ ಮೇಲಿನ ಅನುಮಾನ ಹಿಂದೆ ಸರಿಯಿತು. ಮೂರನೆಯದೇ ವಿಚಿತ್ರ. ಆರೂ ಸಲ ಟಾಕಿ ತುಂಬಿಸಿದ ದಿನವೇ ನಿಂತಿತ್ತು. ಟಾಕಿ ಅರ್ಧವಿದ್ದ ದಿನ ಸೊಲ್ಲಾಪುರಕ್ಕೆ ಹೋಗಿ ಬಂದರೂ ತೊಂದರೆಯಿಲ್ಲ.

“ಟಾಕಿ ತುಂಬ ಪೆಟ್ರೋಲ್ ಅದ. ಪೆಟ್ರೋಲ್ ಸಾಲೂದಿಲ್ಲ ಅಂದ್ರ ಹ್ಯಾಂಗ್ರಿ ಮಾಸ್ತರ?” ಎಂದರು ಹಿರಿಯರು. ಅವರ ಮಗನಿಗೆ ಬೇರೆ ಸಂಶಯ: ಪಂಪಿನವರು ಕಲಬೆರಕೆ ಹಾಕುತ್ತಾರೆ. ಟಾಕಿಯಿಂದ ಒಂದು ಗಾಜಿನ ಬಾಟ್ಲಿ ಪೆಟ್ರೋಲು ತೆಗೆದು ನಾಲ್ಕು ತಾಸು ಅಲುಗಿಸದೆ ಇಟ್ಟೆವು. ತಳದಲ್ಲಿ ನೀರಿನ ಪದರಿಲ್ಲ, ಕಚರಾ ಇಲ್ಲ. ಕಲಬೆರಕೆಯೆಲ್ಲ ಬಾಟ್ಲಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ಅದು ನಿಜ. ಆದರೆ ಅದೇ ಪೆಟ್ರೋಲು ಅರ್ಧಕ್ಕೆ ಇಳಿದ ಮೇಲೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತಲ್ಲ! ಹೀಗಾಗಿ ಆ ವಾದವೂ ನಿಲ್ಲಲಿಲ್ಲ.

ಉತ್ತರ ಹುಡುಗ ಬರೆದ ಕೊನೆಯ ಸಾಲಿನಲ್ಲಿತ್ತು. ಎರಡು ಸಲ ಅವರು ಪೆಟ್ರೋಲು ಇದೆಯೇ ಎಂದು ನೋಡಲು ಟಾಕಿಯ ಮುಚ್ಚಳ ತೆಗೆದಿದ್ದರು. ಆ ಎರಡೂ ಸಲ ಗಾಡಿ ಕೂಡಲೇ ಹೊರಟಿತ್ತು. ಮುಚ್ಚಳ ತೆಗೆಯದ ನಾಲ್ಕು ಸಲ ಕಾಲು ತಾಸಿಗೂ ಮಿಕ್ಕಿ ಕಾಯಬೇಕಾಗಿತ್ತು.

ಇದನ್ನು ರೈತರಿಗೆ ಬಿಡಿಸಿ ಹೇಳುವುದು ಕಷ್ಟವಲ್ಲ. ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಎದುರು ಬದಿಗೆ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಬರುತ್ತದೆ. ಪೆಟ್ರೋಲು ಹೊರಗೆ ಹೋದಷ್ಟು ಹವಾ ಒಳಗೆ ಬರಬೇಕು. ಅದಕ್ಕೆಂದೇ ಕೆಲವು ಗಾಡಿಗಳಲ್ಲಿ ಟಾಕಿಯ ಮುಚ್ಚಳದಲ್ಲಿ ಸಣ್ಣ ರಂಧ್ರವಿದ್ದರೆ, ಕೆಲವುಗಳಲ್ಲಿ ಬೇರೆಯೇ ಒಂದು ಹವಾ ಕೊಳವೆ ಇರುತ್ತದೆ. ಈ ಗಾಡಿಯದು ಕೊಳವೆ. ಮಳೆಗಾಲದಲ್ಲಿ ಎರಡು ತಿಂಗಳು ಗಾಡಿ ಪತ್ರಾಸಿನ ಕೆಳಗೆ ನಿಂತಿದ್ದಾಗ ಕುಂಬಾರ ಹುಳು ಆ ಕೊಳವೆಯ ಬಾಯಿಗೆ ಮಣ್ಣಿನ ಗೂಡು ಕಟ್ಟಿತ್ತು!

ಹಾಗಾದರೆ ಟಾಕಿ ಅರ್ಧವಿದ್ದಾಗ ಗಾಡಿ ಓಡುತ್ತಿದ್ದುದು ಹೇಗೆ? ಲೆಕ್ಕ ಮಾಡಿ ನೋಡೋಣ. ಟಾಕಿ ತುಂಬಿದಾಗ ಮೇಲೆ ಉಳಿದ ಹವಾ ಎರಡು ಲೀಟರಿನಷ್ಟು ಎನ್ನಿರಿ. ಅರ್ಧ ಲೀಟರು ಪೆಟ್ರೋಲು ಖರ್ಚಾದರೆ ಆ ಎರಡು ಲೀಟರು ಹವಾ ಎರಡೂವರೆ ಲೀಟರಿನ ಜಾಗ ತುಂಬಬೇಕು. ಅದು ತೆಳ್ಳಗಾಗಿ ಪೆಟ್ರೋಲನ್ನು ಹಿಂದಕ್ಕೆ ಜಗ್ಗುತ್ತದೆ. ಟಾಕಿ ಅರ್ಧವಿದ್ದಾಗ ಹವಾ ಹದಿನೆಂಟು ಇಪ್ಪತ್ತು ಲೀಟರು ಇರುವುದು. ಅದರಲ್ಲಿ ಅರ್ಧ ಲೀಟರು ಹೆಚ್ಚಾದದ್ದು ಗೊತ್ತೇ ಆಗುವುದಿಲ್ಲ. ತುಂಬಿದ ಟಾಕಿಯೇ ಬೇಗ ಉಸಿರು ಕಟ್ಟಿಸಿಕೊಳ್ಳುತ್ತದೆ. ನಿಂತ ಮೇಲೆ ಮುಚ್ಚಳದ ಸಂದಿಯಿಂದ ಹವಾ ಮೆಲ್ಲಗೆ ಒಳಸೇರಿ, ಕಾಲು ತಾಸಿನಲ್ಲಿ ಗಾಡಿ ಮತ್ತೆ ಸರಿ.

ಒಂದು ತಂತಿಯ ತುಂಡಿನಿಂದ ಗೂಡು ಕೆದರಿ, ಸೈಕಲ್ ಪಂಪಿನಿಂದ ಹವಾ ಊದಿದ್ದೇ ರಿಪೇರಿ. ಊದುವಾಗ ಟಾಕಿಯ ಮುಚ್ಚಳ ತೆಗೆದಿಟ್ಟಿದ್ದೆವು. ಮರುದಿನ ಟಾಕಿ ತುಂಬಿಸಿಕೊಂಡು ಸೊಲ್ಲಾಪುರಕ್ಕೆ ಹೋಗಿ ಬಂದೆವು. ಎಲ್ಲಿಯೂ ನಿಲ್ಲಲಿಲ್ಲ. ಹತ್ತನೆಯ ದಿನ ನಡುರಾತ್ರಿಯಲ್ಲಿ ಸೊಸೆಯನ್ನು ದವಾಖಾನೆಗೆ ಮುಟ್ಟಿಸಿದ್ದು ಅದೇ ಗಾಡಿ.

ಪೆಟ್ರೋಲಿನ ದಾರಿ

ಟಾಕಿಯಿಂದ ಕಾರ್ಬೊರೇಟರಿನ ತನಕದ ದಾರಿ ಬಾವಿಯ ಪಂಪಿನ ದಾರಿಯಂತೆಯೇ. ಪಂಪು ನಡೆಸಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಫುಟ್‌ವಾಲ್ವಿಗೆ ಎಲೆ ಅಂಟಿದರೆ ನೀರು ನಿಲ್ಲುತ್ತದೆ, ಮೋಟಾರು ಬಂದು ಮಾಡಿದರೆ ಎಲೆ ಕಳಚಿ ಬೀಳುತ್ತದೆ, ಮತ್ತೆ ಹಚ್ಚಿದರೆ ಸ್ವಲ್ಪ ಹೊತ್ತು ನೀರು ಬರುತ್ತದೆ. ಹಳೆಯ ಟಾಕಿಯೊಳಗೆ ತುಕ್ಕಿನ ಸಿಪ್ಪೆ, ಚಿಂದಿಯ ತುಣುಕು ಇದ್ದರೆ ಇದೇ ಆಟ. ಟಾಕಿಯ ಕಡೆಯ ಪೈಪನ್ನು ಎಸಿ ಪಂಪಿನಿಂದ ಬಿಚ್ಚಿ, ಟಾಕಿಯ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಹಿಂದಕ್ಕೆ ಊದಿದರೆ ಟಾಕಿಯಲ್ಲಿ ಗುಳುಗುಳು ಸಪ್ಪಳ ಕೇಳಬೇಕು. ಊದಿದ ಮೇಲೆ ಕೆಲವು ಮೈಲು ಚೆನ್ನಾಗಿ ಓಡಿ ಮತ್ತೆ ನಿಂತರೆ ಟಾಕಿಯನ್ನೇ ಇಳಿಸಿ ತೊಳೆಸಬೇಕು, ಬೇರೆ ಉಪಾಯವಿಲ್ಲ. ಬಾಯಿಂದ ಪೆಟ್ರೋಲು ಎಳೆಯುವ ರೂಢಿಯನ್ನು ದಯವಿಟ್ಟು ಬಿಡಿರಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಬಾವಿಯ ಪಂಪು ಹವಾ ಕುಡಿಯುವುದಲ್ಲವೇ? ಗಾಡಿಯ ರಬ್ಬರು ಪೈಪೂ ಹಾಗೆಯೇ. ಟಾಕಿಗೂ ಪಂಪಿಗೂ ನಡುವೆ ಬಿರುಕಿದ್ದರೆ ಪೆಟ್ರೋಲು ಹೊರಗೆ ಒಂದು ಹನಿಯೂ ಸೋರದೆ ಹವಾ ಮಾತ್ರ ಒಳಗೆ ಹೋಗಬಹುದು. ಸೋರುತ್ತಿಲ್ಲ, ಆದ್ದರಿಂದ ಪೈಪು ಸರಿಯಿದೆ ಎಂದು ತೀರ್ಮಾನಿಸಬಾರದು. ಬಗ್ಗಿಸಿ ನೋಡಬೇಕು.

ರಬ್ಬರಿನ ವಿಷಯ ಬಂದಾಗ ಇಂದಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. ೨೦೨೩ರಿಂದ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಈಗ ಅದೇ ಸಾಮಾನ್ಯ. ಅದು ಕಬ್ಬಿನಿಂದಲೂ ಆಗುವುದರಿಂದ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಒಳಿತೇ. ನಾವು ಅದನ್ನು ದೂರುವವರಲ್ಲ. ಆದರೆ ಇಪ್ಪತ್ತೈದು ಮೂವತ್ತು ವರುಷದ ಹಿಂದಿನ ಗಾಡಿಯ ಪೈಪು, ಪಂಪಿನ ಪಡದೆ ಈ ಎಣ್ಣೆಗಾಗಿ ಮಾಡಿದವುಗಳಲ್ಲ. ಕೆಲವು ರಬ್ಬರು ಉಬ್ಬಿ ಮೆತ್ತಗಾಗುತ್ತವೆ, ಕೆಲವು ಬಿರಿಯುತ್ತವೆ. ಟಾಕಿಯ ಗೋಡೆಗೆ ವರ್ಷಗಟ್ಟಲೆ ಹಿಡಿದ ಅಂಟು ಕಳಚಿ ಕಾರ್ಬೊರೇಟರಿನ ಜೆಟ್ಟಿಗೆ ಬಂದು ಕೂಡುತ್ತದೆ. ಮೇಲಾಗಿ ಎಥೆನಾಲ್ ಹವೆಯೊಳಗಿನ ನೀರನ್ನು ಹೀರುವಂಥದು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ, ನೀರು ಹೆಚ್ಚಾದಾಗ ಎಥೆನಾಲೂ ನೀರೂ ಕೂಡಿ ಬೇರ್ಪಟ್ಟು ತಳ ಸೇರುತ್ತವೆ. ಪೈಪು ಎಳೆಯುವುದು ತಳದಿಂದಲೇ. ಹಳೆಯ ಗಾಡಿ ಇದ್ದವರು ಎಥೆನಾಲ್ ತಾಳುವ ರಬ್ಬರಿನ ಪೈಪು ಕೇಳಿ ಹಾಕಿಸಬೇಕು, ಪಂಪಿನ ಪಡದೆಯನ್ನೂ ಅದೇ ತರದ್ದಕ್ಕೆ ಬದಲಿಸಬೇಕು, ಗಾಡಿಯನ್ನು ವಾರಕ್ಕೊಮ್ಮೆಯಾದರೂ ಹೊರಗೆ ಓಡಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಈಗ ಹಳೆಯ ಗಾಡಿಗೆ ಮಾಡುವ ಮೊದಲ ಖರ್ಚು ಇದೇ ಆಗತಕ್ಕದ್ದು.

ಚೈತ್ರ ವೈಶಾಖದಲ್ಲಿ ನಮ್ಮ ಸೀಮೆಯ ಬಿಸಿಲು ೪೨–೪೩ ಡಿಗ್ರಿಗೆ ಏರಿದಾಗ ಪೆಟ್ರೋಲು ಪೈಪಿನಲ್ಲಿಯೇ ಆವಿಯಾಗಿ ಪಂಪು ಬರಿದೇ ಬಡಿದುಕೊಳ್ಳುವುದುಂಟು. ಪಂಪಿನ ಮೇಲೂ ಪೈಪಿನ ಮೇಲೂ ಒದ್ದೆ ಬಟ್ಟೆ ಹಾಕಿದರೆ ಐದಾರು ಮಿನಿಟಿನಲ್ಲಿ ಗಾಡಿ ಹೊರಡುತ್ತದೆ; ಹೊರಟರೆ ಕಾರಣ ಅದೇ. ಪೈಪು ಸೈಲೆನ್ಸರಿಗೆ ತಗಲುವಂತಿದ್ದರೆ ದೂರ ಸರಿಸಿ ಕಟ್ಟಬೇಕು.

ಬಾನೆಟ್ಟಿನೊಳಗೆ ಪೆಟ್ರೋಲಿನ ಬಾಟ್ಲಿ ಕಟ್ಟಿ, ಅದರಿಂದ ಕಾರ್ಬೊರೇಟರಿಗೆ ಪೈಪು ಬಿಟ್ಟು ಊರು ಸೇರುವ ಜಾಣರನ್ನು ನೋಡಿದ್ದೇವೆ. ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸೆಲ್ಫ್ ಹೊಡೆಯುವವರೂ ಉಂಟು. ಇದು ಜಾಣತನವಲ್ಲ, ಬೆಂಕಿಯನ್ನು ಕರೆಯುವುದು.

ಕಿಡಿಯ ದಾರಿ

ನಮ್ಮ ಮಿಸ್ತ್ರಿಗಳು ಡಿಸ್ಟ್ರಿಬ್ಯೂಟರಿಗೆ ‘ಡೆಲ್ಕೊ’ ಎನ್ನುತ್ತಾರೆ. ಆ ಹೆಸರು ಅಮೇರಿಕದ ಡೇಟನ್ ಪಟ್ಟಣದಲ್ಲಿ ೧೯೦೯ರಲ್ಲಿ ಹುಟ್ಟಿದ ಒಂದು ಕಂಪನಿಯದು. ಬ್ಯಾಟರಿಯಿಂದ ಕಿಡಿ ಹಾರಿಸುವ ಈ ಏರ್ಪಾಡನ್ನು ಅಲ್ಲಿ ಬಳಕೆಗೆ ತಂದ ಚಾರ್ಲ್ಸ್ ಕೆಟರಿಂಗ್ ಒಕ್ಕಲುಮನೆಯಲ್ಲಿ ಹುಟ್ಟಿದವನು, ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದವನು. ನಮ್ಮ ಕಸುಬಿನವನೆಂದು ನಮಗೆ ಸ್ವಲ್ಪ ಹೆಮ್ಮೆ.

ಕಿಡಿಯ ಪರೀಕ್ಷೆ ಸುಲಭ. ಗಾಡಿ ನಿಂತ ಕೂಡಲೇ ಕಾಯಿಲಿನಿಂದ ಬಂದ ದಪ್ಪ ತಂತಿಯನ್ನು ಡೆಲ್ಕೊದ ಮುಚ್ಚಳದ ನಡುವಿನಿಂದ ಕಿತ್ತು, ಅದರ ತುದಿಯನ್ನು ರಬ್ಬರು ಹಿಡಿಕೆಯ ಪಕ್ಕಡದಿಂದ ಹಿಡಿದು ಇಂಜಿನ್ನಿನ ಕಬ್ಬಿಣದಿಂದ ಕಾಲು ಇಂಚು ದೂರವಿಡಬೇಕು. ಇನ್ನೊಬ್ಬರು ಸೆಲ್ಫ್ ಹೊಡೆಯಬೇಕು. ನೀಲಿ ಬಣ್ಣದ ದಪ್ಪ ಕಿಡಿ ಚಟಚಟ ಹಾರಿದರೆ ಕಾಯಿಲಿನ ತನಕ ಎಲ್ಲ ಸರಿ. ಹಳದಿಯಾಗಿ ಸಣಕಲು ಕಿಡಿ ಬಂದರೆ ಕಂಡೆನ್ಸರು ಇಲ್ಲವೆ ಕಾಯಿಲು. ಏನೂ ಬರದಿದ್ದರೆ ಮುಂದಿನ ಪರೀಕ್ಷೆ. ಹತ್ತಿರ ಪೆಟ್ರೋಲಿನ ಪೈಪು ಬಿಚ್ಚಿಟ್ಟಿರುವಾಗ ಮಾತ್ರ ಇದನ್ನು ಮಾಡಲೇಬಾರದು. ಕೈಯಿಂದ ಬರಿದೇ ಹಿಡಿಯಲೂಬಾರದು. ಅದು ಸಾವಿರಾರು ವೋಲ್ಟಿನ ಪೆಟ್ಟು.

ಮುಂದಿನ ಪರೀಕ್ಷೆಗೆ ಹನ್ನೆರಡು ವೋಲ್ಟಿನ ಒಂದು ಸಣ್ಣ ಬಲ್ಬು ಸಾಕು. ಒಂದು ತಂತಿ ಗಾಡಿಯ ಕಬ್ಬಿಣಕ್ಕೆ, ಇನ್ನೊಂದನ್ನು ಕಾಯಿಲಿಗೆ ಚಾವಿಯ ಕಡೆಯಿಂದ ತಂತಿ ಬರುವಲ್ಲಿ ಹಚ್ಚಿರಿ. ಚಾವಿ ತಿರುವಿದಾಗ ಬಲ್ಬು ಹತ್ತದಿದ್ದರೆ ಚಾವಿಯ ಸ್ವಿಚ್ಚು, ಫ್ಯೂಜು ಅಥವಾ ನಡುವಿನ ತಂತಿ ದೋಷಿ. ಹತ್ತಿದರೆ ಬಲ್ಬನ್ನು ಕಾಯಿಲಿನ ಇನ್ನೊಂದು ತುದಿಗೆ, ಅಂದರೆ ಡೆಲ್ಕೊಗೆ ಹೋಗುವ ಸಣ್ಣ ತಂತಿಯ ಕಡೆಗೆ ಹಚ್ಚಿ ಸೆಲ್ಫ್ ಹೊಡೆಯಬೇಕು. ಬಲ್ಬು ಕಣ್ಣು ಮಿಟುಕಿಸಿದರೆ ಪಾಯಿಂಟು ಕೆಲಸ ಮಾಡುತ್ತಿದೆ. ಹತ್ತಿಯೇ ಇದ್ದರೆ ಪಾಯಿಂಟು ಕೂಡುತ್ತಿಲ್ಲ, ಅಥವಾ ಕರಿ ಹಿಡಿದಿದೆ. ಹತ್ತದೇ ಇದ್ದರೆ ಪಾಯಿಂಟು ತೆರೆಯುತ್ತಿಲ್ಲ, ಅಥವಾ ಡೆಲ್ಕೊದೊಳಗೆ ತಂತಿಯೋ ಕಂಡೆನ್ಸರೋ ಕಬ್ಬಿಣಕ್ಕೆ ತಗಲಿದೆ, ಅಥವಾ ಕಾಯಿಲಿನೊಳಗೇ ತಂತಿ ಹರಿದಿದೆ. ಮಿಸ್ತ್ರಿ ಅರ್ಧ ದಿನ ತಡಕಾಡುವುದನ್ನು ಒಂದು ಬಲ್ಬು ಎರಡು ಮಿನಿಟಿನಲ್ಲಿ ಹೇಳುತ್ತದೆ.

ಡೆಲ್ಕೊದೊಳಗೆ ಪಾಯಿಂಟು ಕೂತ ತಟ್ಟೆಯಿಂದ ಹೊರ ಕವಚಕ್ಕೆ ಒಂದು ಮೆತ್ತನೆಯ ಸಣ್ಣ ತಂತಿ ಹಲವು ಗಾಡಿಗಳಲ್ಲಿರುತ್ತದೆ. ಅದನ್ನು ನೋಡುವವರು ಕಡಿಮೆ. ವೇಗ ಹೆಚ್ಚು ಕಡಿಮೆಯಾದಾಗಲೆಲ್ಲ ತಟ್ಟೆ ಅತ್ತಿತ್ತ ತಿರುಗಿ, ವರ್ಷಗಳ ಮೇಲೆ ಆ ತಂತಿ ಬಟ್ಟೆಯ ಹೊದಿಕೆಯೊಳಗೇ ಹರಿಯುತ್ತದೆ. ಹೊರಗೆ ನೋಡಿದರೆ ಗಟ್ಟಿ, ಒಳಗೆ ತುಂಡು. ತಗ್ಗಿನಲ್ಲಿ ಇಳಿದಾಗ ಇಲ್ಲವೆ ಆಕ್ಸಲೇಟರು ಒತ್ತಿದ ಗಳಿಗೆ ನಿಲ್ಲುವ ಗಾಡಿಯಲ್ಲಿ ಇದನ್ನೇ ಮೊದಲು ಜಗ್ಗಿ ನೋಡಬೇಕು. ಬ್ಯಾಟರಿಯ ತಿಮಿರು, ಇಂಜಿನ್ನಿನಿಂದ ಚಾಸಿಗೆ ಹೋದ ಅರ್ಥ್ ಪಟ್ಟಿ, ಚಾವಿಯ ಹಿಂದಿನ ತಂತಿಗಳು, ಇವನ್ನು ಇಂಜಿನ್ ನಡೆಯುತ್ತಿರುವಾಗಲೇ ಒಂದೊಂದಾಗಿ ಅಲುಗಿಸಿ ನೋಡಿರಿ. ಯಾವುದನ್ನು ಮುಟ್ಟಿದಾಗ ಇಂಜಿನ್ ಮುಗ್ಗರಿಸಿತೋ ಅದೇ ಕಳ್ಳ. ಫ್ಯಾನಿನ ಬೆಲ್ಟಿಗೆ ಧೋತರದ ಚುಂಗು, ಟಾವೆಲು ಸಿಕ್ಕದಂತೆ ಎಚ್ಚರ. ದಪ್ಪ ತಂತಿಗಳನ್ನು ಮುಟ್ಟಬಾರದು. ಅವುಗಳಿಗೆ ರಾತ್ರಿಯ ಪರೀಕ್ಷೆ ಬೇರೆ: ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ನಡೆಸಿದರೆ, ಕರಂಟು ಸೋರುವ ತಂತಿಯ ಮೈಮೇಲೆ ನೀಲಿ ಕಿಡಿ ಹರಿದಾಡುವುದು ತಾನೇ ಕಾಣುತ್ತದೆ.

ಇನ್ನು ಕಾಯಿಲು, ಕಂಡೆನ್ಸರು. ಇವೆರಡೂ ತಂಪಿದ್ದಾಗ ಸಜ್ಜನರು, ಬಿಸಿಯಾದಾಗ ಕೈಕೊಡುವವರು. ಗಾಡಿ ಬಿಸಿಯಲ್ಲಿ ಒಮ್ಮೆಲೆ ನಿಂತು, ಕಿಡಿ ಇಲ್ಲವಾಗಿ, ಅರ್ಧ ತಾಸು ತಣಿದ ಮೇಲೆ ಹೊರಟರೆ ಇವರಲ್ಲಿ ಒಬ್ಬರೆಂದು ಹಿಡಿಯಬಹುದು. ಮೊದಲು ಕಂಡೆನ್ಸರು ಬದಲಿಸಿರಿ, ಅದು ಅಗ್ಗ. ಅದೊಂದನ್ನೇ ಬದಲಿಸಿ ಓಡಿಸಿ ನೋಡಿರಿ. ಎರಡನ್ನೂ ಕೂಡಿ ಬದಲಿಸಿದರೆ ಯಾವುದು ಕೆಟ್ಟಿತ್ತೆಂಬುದು ಎಂದಿಗೂ ತಿಳಿಯದು. ತೆಗೆದದ್ದು ಒಳ್ಳೆಯದೆಂದು ಗೊತ್ತಾದರೆ ಎಸೆಯದೆ ಚಿಂದಿಯಲ್ಲಿ ಸುತ್ತಿ ಗಾಡಿಯಲ್ಲಿಡಿರಿ. ಇಪ್ಪತ್ತು ವರ್ಷ ನಡೆದ ಕಂಡೆನ್ಸರು ಇಂದಿನ ಹೊಸ ಡಬ್ಬಿಯದಕ್ಕಿಂತ ನಂಬಿಕಸ್ಥ. ಗಾಡಿ ನಿಲ್ಲಿಸಿ, ಚಾವಿ ತಿರುವಿಯೇ ಬಿಟ್ಟು ಹಾಡು ಕೇಳುತ್ತ ಕೂಡುವ ಹುಡುಗರಿಗೆ ಮನೆಯವರು ಬುದ್ಧಿ ಹೇಳಬೇಕು. ಪಾಯಿಂಟು ಕೂಡಿದ ಸ್ಥಿತಿಯಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲಿನಲ್ಲಿ ಕರಂಟು ಹರಿಯುತ್ತಲೇ ಇದ್ದು ಅದು ಸುಟ್ಟುಹೋಗುತ್ತದೆ.

ಪಾಯಿಂಟಿನ ಸಂದಿ ಸುಮಾರು ೦.೪ ಮಿಲಿಮೀಟರು, ಗಾಡಿಯ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದೇ ಪ್ರಮಾಣ. ಮಳೆಗಾಲದಲ್ಲಿ ಡೆಲ್ಕೊದ ಮುಚ್ಚಳವನ್ನು ಒಳಗೆ ಹೊರಗೆ ಒಣ ಬಟ್ಟೆಯಿಂದ ಒರೆಸಿ, ಕೂದಲಿನಂಥ ಕರಿ ಗೆರೆ ಇದ್ದರೆ ಮುಚ್ಚಳ ಬದಲಿಸಬೇಕು.

ಟ್ರ್ಯಾಕ್ಟರು, ಡೀಸೆಲ್ ಪಂಪು ಇದ್ದವರು ಕಿಡಿಯ ಭಾಗವನ್ನು ಬಿಟ್ಟುಬಿಡಬಹುದು. ಹಳೆಯ ಡೀಸೆಲ್ ಇಂಜಿನ್ನಿಗೆ ಕಿಡಿಯೇ ಇಲ್ಲ. ಅಲ್ಲಿ ಹುಡುಕಬೇಕಾದದ್ದು ಮುಖ್ಯವಾಗಿ ಹವಾ ಮತ್ತು ಕಚರಾ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಹವಾ ತೆಗೆದು ಬಿಗಿಯಬೇಕು. ದಿನವೂ ಹವಾ ತೆಗೆಯಬೇಕಾಗಿ ಬಂದರೆ ಟಾಕಿಯಿಂದ ಪಂಪಿನ ತನಕದ ಪೈಪಿನ ಜೋಡಣೆಯಲ್ಲೋ ತಾಮ್ರದ ವಾಯ್ಸರಿನಲ್ಲೋ ದೋಷವಿದೆ. ಕಂಪ್ಯೂಟರಿನಿಂದ ನಡೆಯುವ ಇತ್ತೀಚಿನ ಕಾರುಗಳಿಗೆ ಇಲ್ಲಿ ಹೇಳಿದ ಕಿಡಿಯ ಪರೀಕ್ಷೆಯನ್ನು ಮಾಡಲೇಬಾರದು, ಕಂಪ್ಯೂಟರು ಕೆಡಬಹುದು.

ಹಳೆಯ ಪೆಟ್ರೋಲ್ ಗಾಡಿಯವರು ಒಂದು ಸಣ್ಣ ಚೀಲದಲ್ಲಿ ಇಷ್ಟು ಇಟ್ಟುಕೊಂಡಿರಲಿ: ಓಡಿಸಿ ಪರೀಕ್ಷಿಸಿದ ಒಂದು ಕಂಡೆನ್ಸರು, ಪಾಯಿಂಟಿನ ಒಂದು ಜೋಡಿ, ತಂತಿ ಕಟ್ಟಿದ ಹನ್ನೆರಡು ವೋಲ್ಟಿನ ಬಲ್ಬು, ಎರಡು ಫ್ಯೂಜು, ಒಂದು ಮೊಳ ರಬ್ಬರು ಪೈಪು ಮತ್ತು ಎರಡು ಕ್ಲಿಪ್ಪು, ಪಕ್ಕಡ, ಸ್ಕ್ರೂಡ್ರೈವರು, ಒದ್ದೆ ಮಾಡಲು ಒಂದು ಚಿಂದಿ, ಒಂದು ಬಾಟ್ಲಿ ನೀರು. ಜೊತೆಗೆ ಒಂದು ನೋಟುಬುಕ್ಕು ಮತ್ತು ಪೆನ್ಸಿಲು. ಬಾಲಪೆನ್ನು ಬಿಸಿಲಿಗೆ ಗಾಡಿಯಲ್ಲಿಯೇ ಒಣಗಿ ಹೋಗುತ್ತದೆ.